ಗೋಡೆಯ ಮೇಲಿನ ಹನ್ನೊಂದು ಸಾಲು

ನಮ್ಮ ಅತ್ತೆ, ಅಂದರೆ ಅಪ್ಪನ ಒಡಹುಟ್ಟಿದ ತಂಗಿ, ಸೇರಿಕೊಂಡ ಸಭೆಯವರು ತಾವು ಏನೇನು ನಂಬುತ್ತೇವೆ ಎಂಬುದನ್ನು ಗೋಡೆಯ ಮೇಲೆ ಬರೆಸಿಬಿಟ್ಟಿದ್ದರು. ನೀಲಿ ಬಣ್ಣ, ತಮಿಳು ಅಕ್ಷರ, ಒಟ್ಟು ಹನ್ನೊಂದು ಸಾಲು. ಉತ್ತಮಪಾಳಯಂನಿಂದ ಕಂಬಂ ಕಡೆಗೆ ಹೋಗುವ ರಸ್ತೆಯಲ್ಲಿ ಮೊದಲು ಭತ್ತದ ಮೂಟೆ ಪೇರಿಸುತ್ತಿದ್ದ ಗೋದಾಮು ಅದು. ಮೇಲೆ ಶೀಟು, ಕೆಳಗೆ ಸಿಮೆಂಟು ನೆಲ, ನೆಲದ ಮೇಲೆ ಕೋರೆಹುಲ್ಲಿನ ಚಾಪೆ. ನಾನು ಮೊದಲ ಸಲ ಒಳಗೆ ಕಾಲಿಟ್ಟಾಗ ಇನ್ನೂ ತೌಡಿನ ವಾಸನೆ ಹೋಗಿರಲಿಲ್ಲ. ಆ ಸಾಲುಗಳನ್ನು ನೋಡಿ ನಗು ಬಂತು. ದೇವರನ್ನು ನಂಬುವವರಿಗೂ ಕಿರಾಣಿ ಅಂಗಡಿಗೆ ಹೋಗುವವರ ಹಾಗೆ ಪಟ್ಟಿ ಬೇಕಾ ಅಂದುಕೊಂಡೆ.

ದೇವರು ಒಬ್ಬನೇ, ಆದರೆ ಮೂವರು. ಇರಲಿ, ಅದನ್ನು ನೋಡಿ ನಗುವ ಯೋಗ್ಯತೆ ನಮ್ಮಂಥ ಮುಕ್ಕೋಟಿಯವರಿಗಿಲ್ಲ. ಮಗುವಿನ ತಲೆಗೆ ನೀರು ಚಿಮುಕಿಸಿದರೆ ಅದು ಸ್ನಾನವಲ್ಲ, ಬುದ್ಧಿ ಬಲಿತ ಮೇಲೆ ಪೂರ್ತಿ ಮುಳುಗಿ ಏಳಬೇಕು. ಈ ಒಂದು ಮಾತಿನ ಮೇಲೆ ಇವರು ಬಜಾರಿನ ದೊಡ್ಡ ಗಂಟೆಯ ಮಾತಾ ಕೋಯಿಲಿನ, ಅಂದರೆ ಕ್ಯಾಥೊಲಿಕ್ ಇಗರ್ಜಿಯ, ಜನರನ್ನು ಕ್ರೈಸ್ತರೆಂದೇ ಲೆಕ್ಕಕ್ಕಿಟ್ಟಿರಲಿಲ್ಲ. ಒಂದೇ ಕರ್ತನಿಗೆ ಕೈಮುಗಿಯುವವರು ಚೊಂಬು ನೀರಾ ಹೊಳೆ ನೀರಾ ಅಂತ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದರು! ಚಿನ್ನ ಹಾಕಬಾರದು, ಹೂ ಮುಡಿಯಬಾರದು, ಕುಂಕುಮ ಇಡಬಾರದು, ಸಿನಿಮಾ ನೋಡಬಾರದು. ತಿಂಗಳ ಮೊದಲ ಭಾನುವಾರ ರೊಟ್ಟಿ ಮುರಿದು ದ್ರಾಕ್ಷಿರಸದ ಜೊತೆ ಹಂಚುತ್ತಾರೆ, ಅದು ಮುಳುಗೆದ್ದವರಿಗೆ ಮಾತ್ರ. ಪವಿತ್ರಾತ್ಮ ಒಬ್ಬರ ಮೇಲೆ ಇಳಿದಿದೆ ಅನ್ನುವುದಕ್ಕೆ ಗುರುತು, ಅವರು ಎಂದೂ ಕಲಿಯದ ಭಾಷೆಯಲ್ಲಿ ಮಾತಾಡುವುದು. ಹಾಗೆ ಮಾತಾಡಿದರೆ ಅದರ ಅರ್ಥ ಹೇಳುವವರೂ ಒಬ್ಬರು ಇರಬೇಕು. ಒಂಬತ್ತನೆಯ ಸಾಲು: ವಾಸಿಮಾಡುವವನು ಕರ್ತ, ಔಷಧಕ್ಕೆ ಕೈಚಾಚುವುದು ಅವಿಶ್ವಾಸ. ಅಲ್ಲಿಗೆ ಬಂದಾಗ ನನ್ನ ನಗು ನಿಂತಿತು. ಅತ್ತೆಯ ಬಲಗಾಲು ಆ ಹೊತ್ತಿಗೆ ಕೊಳೆಯಲು ಶುರುವಾಗಿತ್ತು, ಉಳಿದೆರಡು ಸಾಲು ಓದದೆ ಆಚೆ ಬಂದೆ.

ನಮ್ಮದು ಕಣಿವೆಯಲ್ಲಿ ತಲೆತಲಾಂತರದಿಂದ ಉಳುತ್ತಿರುವ ಕನ್ನಡದ ಮನೆತನ. ಯಾವ ಕಾಲದಲ್ಲಿ ಯಾರಿಗೆ ಹೆದರಿ ಇಲ್ಲಿಗೆ ಓಡಿಬಂದೆವೋ ಸರಿಯಾಗಿ ಒಬ್ಬರಿಗೂ ಗೊತ್ತಿಲ್ಲ, ಜಂಬಕ್ಕೆ ಮಾತ್ರ ಕೊರತೆಯಿಲ್ಲ. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಓದು ಬರಹ ಎಲ್ಲ ತಮಿಳಿನಲ್ಲೇ. ಈಗ ಬರೆಯುತ್ತಿರುವ ಈ ಅಕ್ಷರಗಳನ್ನು ನಾನು ಕಲಿತದ್ದು ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಮೇಲೆ, ಬಸ್ಸಿನ ಬೋರ್ಡು ನೋಡಿಕೊಂಡು.

ಅತ್ತೆಗೆ ಇಪ್ಪತ್ತಮೂರು ವರ್ಷಕ್ಕೆ ಗಂಡ ಸತ್ತ. ಒಂದು ಟ್ರಂಕು ಹಿಡಿದು ಅಣ್ಣನ ಮನೆಗೆ ಬಂದವಳು ಮೂವತ್ತು ವರ್ಷ ನಮಗೆ ಬೇಯಿಸಿ ಹಾಕಿದಳು, ಎಮ್ಮೆ ಕರೆದಳು, ನನ್ನನ್ನೂ ನನ್ನ ಅಣ್ಣನನ್ನೂ ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಅಪ್ಪ ತೇನಿ ಮಾರುಕಟ್ಟೆಗೆ ಹೊರಟರೆ ಅವ್ವ ತುಂಬಿದ ಕೊಡ ಹಿಡಿದು ಎದುರಿಗೆ ನಿಲ್ಲುತ್ತಿದ್ದಳು, ಅತ್ತೆ ಚಪ್ಪಲಿಯ ಸದ್ದು ಕೇಳಿದೊಡನೆ ಹಿತ್ತಿಲಿಗೆ ಸರಿಯುತ್ತಿದ್ದಳು. ಪಕ್ಕಕ್ಕೆ ಸರಿ ಅಂತ ಯಾರೂ ಹೇಳುತ್ತಿರಲಿಲ್ಲ. ಹೇಳಬೇಕಾಗಿಯೇ ಇರಲಿಲ್ಲ. ನನ್ನ ಅಣ್ಣನ ಮದುವೆಗೆ ಮೂರು ದಿನ ಒಲೆಯ ಮುಂದೆ ಬೆಂದವಳು ತಾಳಿ ಕಟ್ಟುವ ಹೊತ್ತಿಗೆ ಎಮ್ಮೆಗೆ ಹುಲ್ಲು ಹಾಕುವ ನೆಪ ಮಾಡಿಕೊಂಡು ಕೊಟ್ಟಿಗೆಯಲ್ಲಿದ್ದಳು.

ಇಂಥವಳನ್ನು ಸಭೆಗೆ ಕರೆದುಕೊಂಡು ಹೋದದ್ದು ನಮ್ಮ ತೋಟಕ್ಕೆ ಬಾಳೆಎಲೆ ಕಟ್ಟು ಒಯ್ಯಲು ಬರುತ್ತಿದ್ದ ಹೆಂಗಸು. ಏನು ಹೇಳಿ ಕರೆದಳೋ! ಒಂದು ಭಾನುವಾರ ಹೋದಳು, ಇನ್ನೊಂದು ಭಾನುವಾರ ಹೋದಳು, ಆಮೇಲೆ ನಿಲ್ಲಿಸಲೇ ಇಲ್ಲ. ಪಾಸ್ಟರು ಮೂರ್ತಿಪೂಜೆ ಮಹಾಪಾಪ ಅಂತ ಗುಡುಗಿದಾಗ ಇವಳು ಎದ್ದು ನಿಂತು, 'ಅಯ್ಯಾ, ನಮ್ಮ ಕುಲದಲ್ಲಿ ಮೂರ್ತಿಯೇ ಇಲ್ಲ, ಎತ್ತಿಗೆ ಕೈ ಮುಗಿಯುವವರು ನಾವು' ಅಂತ ಹೇಳಿದಳಂತೆ. ಅದು ನಿಜವೇ. ಕಂಬಂನಲ್ಲಿರುವ ನಮ್ಮವರ ದೇವರ ತೊಟ್ಟಿಯಲ್ಲಿ, ಅಂದರೆ ದನದ ದೊಡ್ಡಿಯಲ್ಲಿ, ವಿಗ್ರಹವಿಲ್ಲ, ದನಗಳೇ ದೇವರು. ಪಾಸ್ಟರಿಗೆ ಆ ದಿನ ಉತ್ತರ ಸಿಗಲಿಲ್ಲ, ಮುಂದಿನ ವಾರ ಎತ್ತೂ ಮೂರ್ತಿಯೇ ಅಂತ ತೀರ್ಪು ಕೊಟ್ಟರು. ವಾರವೆಲ್ಲ ಯೋಚಿಸಿ ಸಿಕ್ಕಿದ ಜ್ಞಾನ ಅದು!

ಆ ಬೇಸಿಗೆಯಲ್ಲಿ ಅತ್ತೆ ಬಿಳಿ ಸೀರೆ ಉಟ್ಟು ಮುಲ್ಲೈ ಹೊಳೆಯಲ್ಲಿ ಮುಳುಗೆದ್ದಳು. ಅಪ್ಪನಿಗೆ ಇದು ಟೀ ಅಂಗಡಿಯಲ್ಲಿ ತಿಳಿಯಿತು. ಮನೆಗೆ ಬಂದು ಅಂಗಳದಲ್ಲಿ ನಿಂತು ಕಿರುಚಿದ ಕಿರುಚಾಟ ಬೀದಿಗೆಲ್ಲ ಕೇಳಿಸಿತು. ಕುಲದ ಮಾನ ಹೋಯಿತಂತೆ. ಮೂವತ್ತು ವರ್ಷ ಒಡಹುಟ್ಟಿದವಳನ್ನು ಹಿತ್ತಿಲಲ್ಲಿ ಕೂರಿಸಿದಾಗ ಹೋಗದ ಮಾನ ಒಂದು ಮುಳುಗಿಗೆ ಹೋಗಿಬಿಟ್ಟಿತು. ಎಂಟು ದಿನ ಅವಳ ಜೊತೆ ಮಾತು ಬಿಟ್ಟರು. ಊಟ ಬಿಡಲಿಲ್ಲ, ಮೂರು ಹೊತ್ತೂ ಅವಳ ಕೈ ಅನ್ನವನ್ನೇ ಉಂಡರು.

ಅತ್ತೆಗೆ ಸಕ್ಕರೆ ಕಾಯಿಲೆ ಇತ್ತು. ಮಾತ್ರೆ ನುಂಗುತ್ತಿದ್ದಳು. ಮುಳುಗೆದ್ದ ತಿಂಗಳಿಗೆ ಮಾತ್ರೆಗಳನ್ನೆಲ್ಲ ಕಾಲುವೆಗೆ ಎಸೆದು, ಸಭೆಯಲ್ಲಿ ಎದ್ದು ನಿಂತು ಹಾಗಂತ ಸಾಕ್ಷಿ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿ ಸ್ತೋತ್ರ ಸ್ತೋತ್ರ ಅಂದರಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಐದಾರು ತಿಂಗಳಾದ ಮೇಲೆ ಬಾಳೆತೋಟದಲ್ಲಿ ಜಾಲಿಮುಳ್ಳು ಪಾದಕ್ಕೆ ನೆಟ್ಟಿತು. ಮುಳ್ಳು ಕಿತ್ತದ್ದಾಯಿತು, ಗಾಯ ಮಾತ್ರ ಮಾಯಲಿಲ್ಲ. ಮೊದಲು ಕೆಂಪಗಾಯಿತು, ಆಮೇಲೆ ಕಪ್ಪಗಾಯಿತು. ಅವಳು ಬಟ್ಟೆ ಸುತ್ತಿ, ಅದರ ಮೇಲೆ ಮುಖಕ್ಕೆ ಹಚ್ಚುವ ಪೌಡರು ಸುರಿದುಕೊಂಡು ಓಡಾಡುತ್ತಿದ್ದಳು. ಅಡುಗೆಮನೆಯಲ್ಲಿ ಮಲ್ಲಿಗೆ ಪೌಡರಿನ ವಾಸನೆ, ಅದರ ಅಡಿಯಲ್ಲಿ ಇನ್ನೊಂದು ವಾಸನೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಮೂಗಿತ್ತು, ಬಾಯಿ ತೆರೆದದ್ದು ತಡವಾಗಿ.

ಅಪ್ಪ ನನ್ನನ್ನು ಕರೆದರು. ನಾನು ಆಗಷ್ಟೇ ಡಿಗ್ರಿ ಮುಗಿಸಿ ಗಂಡು ಗೊತ್ತಾಗಲಿ ಅಂತ ಮನೆಯಲ್ಲಿ ಕೂತಿದ್ದೆ. 'ನೀ ಓದಿದೋಳು. ಅವ್ಳ ಜೊತೆ ಓಗಿ ಅಲ್ಲಿ ಏನು ನಡೀತೈತೆ ನೋಡು. ಎಂಗಾರ ಮಾಡಿ ತೇನಿ ಆಸ್ಪತ್ರಿಗೆ ಅತ್ತಿಸು' ಅಂದರು.

'ನೀವೇ ಹೋಗಿ ಹೇಳಿ ಅಪ್ಪ. ತನ್ನ ಅಣ್ಣನ ಮಾತು ಕೇಳ್ತಾಳೆ' ಅಂದೆ.

'ನಾ ಆ ಗೋಡೌನ್‌ಗೆ ಕಾಲಿಡಾಕಿಲ್ಲ. ನಾಕು ಜನ ನೋಡುದ್ರೆ ಏನಂತಾರೆ?'

ತಂಗಿಯ ಕಾಲು ಕೊಳೆಯುತ್ತಿದೆ, ಇವರಿಗೆ ನಾಲ್ಕು ಜನದ ಚಿಂತೆ. ಹೀಗೆ ನಾನು ಸಭೆಗೆ ಹೋದೆ. ಹೆಂಗಸರು ಎಡಕ್ಕೆ, ಗಂಡಸರು ಬಲಕ್ಕೆ. ಹೆಂಗಸರೆಲ್ಲ ತಲೆ ತುಂಬ ಸೆರಗು ಹೊದ್ದಿದ್ದರು. ಒಬ್ಬರ ಹಣೆಯಲ್ಲೂ ಕುಂಕುಮವಿಲ್ಲ, ಒಬ್ಬರ ಕೈಯಲ್ಲೂ ಬಳೆಯಿಲ್ಲ, ಮುಡಿಯಲ್ಲಿ ಹೂವಿಲ್ಲ. ಗಂಡನ ಹಿಂದೆ ಸೈಕಲ್ಲಿನಲ್ಲಿ ಬಂದು ಇಳಿದವರೂ ಹಾಗೇ. ಅಯ್ಯೋ ಶಿವನೆ, ಇದೇನು ಮುಂಡೆಯರ ಸಂತೆಯಾ ಅಂದುಕೊಂಡೆ. ನಮ್ಮ ಮನೆಯ ಜಾತ್ರೆ ಜಂಗುಳಿಯಲ್ಲಿ ಅತ್ತೆಯನ್ನು ಮಾರುದೂರದಿಂದ ಗುರುತಿಸಬಹುದಿತ್ತು. ಗೋಡೆ ಓದಿ ಆಚೆ ಹೋದವಳು ಮತ್ತೆ ಒಳಗೆ ಬಂದಾಗ, ಅಲ್ಲಿ ಅವಳು ಎಲ್ಲಿ ಕೂತಿದ್ದಾಳೆಂದು ನನಗೆ ತಕ್ಷಣ ಕಾಣಲಿಲ್ಲ. ಮೂರನೆಯ ಸಾಲಿನಲ್ಲಿ ನಡುವೆ ಕೂತಿದ್ದಳು, ಪಕ್ಕದವಳ ಮಗು ಅವಳ ತೊಡೆಯ ಮೇಲಿತ್ತು. ಇದೆಲ್ಲ ಕಣ್ಣಿಗೆ ಬಿದ್ದಿತು, ತಲೆಗೆ ಹೋಗಲಿಲ್ಲ.

ಪಾಸ್ಟರು ದಕ್ಷಿಣದ ಸಮುದ್ರದ ಕಡೆಯವರು, ಇಲ್ಲಿಗೆ ಬಂದು ಒಂದೂವರೆ ವರ್ಷವಾಗಿತ್ತಷ್ಟೆ. ಬಿಳಿ ಪ್ಯಾಂಟು, ಬಿಳಿ ಅಂಗಿ, ಕಂಕುಳಲ್ಲಿ ಕಪ್ಪು ರಟ್ಟಿನ ಪುಸ್ತಕ. ಎಲ್ಲರೂ ಅವರನ್ನು ಅಯ್ಯಾ ಅನ್ನುತ್ತಿದ್ದರು. ಮಾತು ಬಲ್ಲ ಮನುಷ್ಯ. ಔಷಧ ಬೇಡ ಅನ್ನುವ ಅದೇ ಬಾಯಿಂದ ಗಂಟಲು ಕಟ್ಟಿದಾಗ ಮಾತ್ರ ಮೆಣಸಿನ ಕಷಾಯ ಕುಡಿಯುತ್ತಿದ್ದರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಕೇಳಿದರೆ ಕಷಾಯ ಆಹಾರವಂತೆ, ಔಷಧವಲ್ಲವಂತೆ.

ಮೂರು ವಾರ ಹೋದೆ. ಮೂರು ವಾರವೂ ದಾರಿಯಲ್ಲಿ ಅತ್ತೆಗೆ ಹೇಳಿದೆ, ಬೈದೆ, ಕೈ ಮುಗಿದೆ. ಅವಳು ಕುಂಟುತ್ತ, ಕಾಲುವೆಯ ಏರಿಯ ಮೇಲೆ ನಿಂತು ಉಸಿರು ತೆಗೆದುಕೊಳ್ಳುತ್ತ, ಒಂದೇ ಮಾತು ಹೇಳುತ್ತಿದ್ದಳು.

'ಆಸ್ಪತ್ರಿಗೋದ್ರೆ ಪಂದಿಯಿಂದ ಎಬ್ಬಿಸ್ತಾರೆ ಕಣ್ಣೂ.'

ಕಣ್ಣು ಅನ್ನುವುದು ಅವಳು ನನ್ನನ್ನು ಮುದ್ದಿನಿಂದ ಕರೆಯುವ ರೀತಿ, ಪಂದಿ ಅಂದರೆ ಊಟದ ಸಾಲು. ಅವಳು ಹೇಳುತ್ತಿದ್ದದ್ದು ಮೊದಲ ಭಾನುವಾರದ ರೊಟ್ಟಿಯ ವಿಷಯ. ವೈದ್ಯರ ಹತ್ತಿರ ಹೋದವರಿಗೆ ಆರು ತಿಂಗಳು ರೊಟ್ಟಿ ಇಲ್ಲ, ಹಿಂದೆ ಬಾಗಿಲ ಹತ್ತಿರ ಕೂರಬೇಕು. ಹಿಂದಿನ ವರ್ಷ ಕಣ್ಣಿಗೆ ಪೊರೆ ತೆಗೆಸಿಕೊಂಡ ಒಬ್ಬ ಮುದುಕನನ್ನು ಹಾಗೆ ಕೂರಿಸಿದ್ದರು.

'ಬೆರಳ ಗಾತ್ರದ ರೊಟ್ಟಿ ತುಂಡಿಗೆ ಕಾಲು ಕಳ್ಕೊಳ್ತೀಯಾ ಅತ್ತೆ? ನಾ ಮನೇಲಿ ಮಾಡ್ಕೊಡ್ತೀನಿ ಬಾ, ತಟ್ಟೆ ತುಂಬ' ಅಂದೆ.

ಸ್ವಲ್ಪ ದೂರ ನಡೆದ ಮೇಲೆ ಅವಳ ಇನ್ನೊಂದು ದುಃಖ ಹೊರಗೆ ಬಂತು. ಮುಳುಗೆದ್ದು ವರ್ಷವಾಗುತ್ತ ಬಂದರೂ ಅವಳಿಗೆ ಆತ್ಮದ ಭಾಷೆ ಬಂದಿರಲಿಲ್ಲ. ಬಾಳೆಎಲೆಯ ಹೆಂಗಸಿಗೆ ಎರಡೇ ತಿಂಗಳಿಗೆ ಬಂದಿತ್ತು. ಶುಕ್ರವಾರದ ಉಪವಾಸದ ಕೂಟದಲ್ಲಿ ಎಲ್ಲರೂ ಲಲಲ ರರರ ಅಂತ ಹರಿಯುವಾಗ ಇವಳೊಬ್ಬಳು ತಮಿಳಿನಲ್ಲಿ ಸ್ತೋತ್ರ ಸ್ತೋತ್ರ ಅಂತ ಒಂದೇ ಮಾತನ್ನು ಅಗಿಯುತ್ತಿದ್ದಳು. ಆತ್ಮ ಇಳಿದವರು ಕೇಳಿದ್ದನ್ನು ಕರ್ತ ಇಲ್ಲ ಅನ್ನುವುದಿಲ್ಲವಂತೆ.

'ಕರ್ತರಿಗೆ ನಮ್ಮ್ ಮಾತು ತಿಳೀತದಾ ಕಣ್ಣೂ? ನಮ್ಮಟ್ಟಿ ಮಾತು?' ಅಂತ ಕೇಳಿದಳು.

'ಕೇಳಿ ನೋಡು. ಸರ್ಕಾರಿ ಆಫೀಸಿನಲ್ಲಿ ತಮಿಳಲ್ಲೇ ಅರ್ಜಿ ಕೊಡ್ಬೇಕು, ಅಲ್ಲೂ ಹಂಗೇ ಇರಬಹುದು' ಅಂದೆ. ತೇನಿ ಆಗ ತಾನೇ ಜಿಲ್ಲೆಯಾಗಿತ್ತು. ಅಪ್ಪನ ಅರ್ಜಿಗಳನ್ನು ಹಿಡಿದು ಹೊಸ ಬೋರ್ಡುಗಳ ಮುಂದೆ ಅಲೆದು ನನಗೆ ಸಾಕಾಗಿತ್ತು, ಬಾಯಿಗೆ ಬಂದದ್ದನ್ನು ಹೇಳಿದೆ. ಅವಳು ಅದನ್ನು ನಿಜ ಅಂತ ತೆಗೆದುಕೊಂಡು ಯೋಚನೆ ಮಾಡುತ್ತ ನಡೆದಳು.

ನಾಲ್ಕನೆಯ ವಾರ ಶುಕ್ರವಾರದ ಕೂಟಕ್ಕೂ ಹೋದೆ. ಮಧ್ಯಾಹ್ನ ಹನ್ನೆರಡರ ಬಿಸಿಲು, ಶೀಟು ಕಾದು ತಲೆ ಸಿಡಿಯುತ್ತಿತ್ತು. ಬೆಳಗಿನಿಂದ ಯಾರೂ ನೀರೂ ಕುಡಿದಿರಲಿಲ್ಲ. ಅವತ್ತು ಅತ್ತೆಗೆ ಜ್ವರವೂ ಇತ್ತು, ಕೈ ಮುಟ್ಟಿದರೆ ಸುಡುತ್ತಿತ್ತು. ನಾನು ಅವಳಿಗೆ ಒತ್ತಿಕೊಂಡು ಕೂತಿದ್ದೆ. ಹಾರ್ಮೋನಿಯಂ ನಿಂತಿತು, ಎಲ್ಲರೂ ಒಟ್ಟಿಗೆ ಕೂಗಿ ಪ್ರಾರ್ಥಿಸಲು ಶುರುಮಾಡಿದರು. ಪಾಸ್ಟರು ಸಾಲುಗಳ ನಡುವೆ ಓಡಾಡುತ್ತ ಒಬ್ಬೊಬ್ಬರ ತಲೆಯ ಮೇಲೆ ಕೈಯಿಟ್ಟು, 'ನಾಲಿಗೆ ಬಿಡಿ, ನಾಲಿಗೆ ಬಿಟ್ಟುಕೊಡಿ' ಅನ್ನುತ್ತಿದ್ದರು. ಅತ್ತೆಯ ತಲೆಯ ಮೇಲೂ ಕೈಯಿಟ್ಟರು.

ಅತ್ತೆ ನಾಲಿಗೆ ಬಿಟ್ಟಳು.

'ಸಾಮೀ, ನಂಗೆ ನಿನ್ ಬಾಸೆ ಬರಾಕಿಲ್ಲ. ವರ್ಸ ಆತು ಕೂಗಿ ಕೂಗಿ. ನಮ್ಮಟ್ಟಿ ಮಾತಲ್ಲೇ ಏಳ್ತೀನಿ, ತಿಳಿದ್ರೆ ತಿಳೀಲಿ. ಕಾಲು ನೋಯ್ತೈತೆ. ಕೊಳೆತು ನಾರ್ತೈತೆ, ಪೌಡರ್ ಆಕ್ಕೊಂಡು ಬತ್ತೀನಿ. ನಂಗೆ ಬಯ ಸಾಮೀ. ಆಸ್ಪತ್ರಿಗೋಗಾಕೆ ಬುಡು. ಓದ್ರೆ ಇವ್ರು ಪಂದಿಯಿಂದ ಎಬ್ಬಿಸ್ತಾರೆ, ಎಬ್ಬಿಸ್ಬ್ಯಾಡಿ ಅಂತ ನೀ ಏಳು. ನಂಗೆ ಬ್ಯಾರೆ ಪಂದಿ ಇಲ್ಲ. ಅಣ್ಣನ್ ಮನೇಲಿ ನನ್ ಕೈ ಅನ್ನ ಬೇಕು, ನನ್ ಮೊಕ ಬ್ಯಾಡ. ಈ ಕೂಸ್ನ ನಾನೇ ಎತ್ತಿ ಬೆಳೆಸ್ದೆ. ಇದ್ನ ನೋಡಾಕ್ ಬಂದಿದ್ರಲ್ಲ, ಆವತ್ತು ಇದೇ ಬಂದು, ಅತ್ತೆ, ಅವ್ರು ಓಗಾಗಂಟ ಇತ್ಲಲ್ಲೇ ಇರು ಅಂತು. ಇತ್ಲಲ್ಲೇ ಕುಂತು ಬಜ್ಜಿ ಕರ್ದು ಒಳಕ್ಕೆ ಕೊಟ್ಟೆ. ಇದ್ರ ಮ್ಯಾಲೆ ನಂಗೆ ಕ್ವಾಪ ಇಲ್ಲ ಸಾಮೀ. ಸುಳ್ಳು ಸಾಮೀ, ಐತೆ.'

ಅಳುತ್ತ, ಬಿಕ್ಕುತ್ತ, ಉಸಿರೇ ಬಿಡದೆ ಹೇಳಿದಳು. ಸುತ್ತಲಿದ್ದವರು ಒಬ್ಬೊಬ್ಬರಾಗಿ ತಮ್ಮ ಕೂಗು ನಿಲ್ಲಿಸಿ ಇತ್ತ ತಿರುಗಿದರು. ಪಾಸ್ಟರ ಮುಖ ಅರಳಿಹೋಯಿತು. ಎರಡೂ ಕೈ ಮೇಲೆತ್ತಿ, 'ಇಳಿಯಿತು! ಸಹೋದರಿಯ ಮೇಲೆ ಆತ್ಮ ಇಳಿಯಿತು!' ಅಂತ ಕೂಗಿದರು. ಇಡೀ ಗೋದಾಮು ಸ್ತೋತ್ರ ಅಂತ ಅದುರಿತು. ಅಲ್ಲಿ ಮೂರು ನಾಲ್ಕು ಜನಕ್ಕಾದರೂ ಅದು ಕನ್ನಡ ಅಂತ ಗೊತ್ತಿತ್ತು. ಬಾಳೆಎಲೆಯ ಹೆಂಗಸು ಇಪ್ಪತ್ತು ವರ್ಷದಿಂದ ನಮ್ಮ ತೋಟಕ್ಕೆ ಬರುವವಳು, ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ನನ್ನ ಮುಖ ನೋಡಿ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು.

ಆಮೇಲೆ ಪಾಸ್ಟರು ಕಣ್ಣು ಮುಚ್ಚಿ ಅರ್ಥ ಹೇಳಿದರು. 'ಕರ್ತ ಹೇಳುತ್ತಾನೆ: ಮಗಳೇ, ನಿನ್ನ ಕಾಲನ್ನು ನಾನು ಮುಟ್ಟಿದ್ದೇನೆ. ನಲವತ್ತು ದಿನದಲ್ಲಿ ನೀನು ಜಿಂಕೆಯ ಹಾಗೆ ಓಡುವೆ. ಮನುಷ್ಯರ ಮದ್ದನ್ನು ನೋಡಬೇಡ.'

ನನ್ನ ಮೈ ಉರಿದುಹೋಯಿತು. ಇವಳು ಆಸ್ಪತ್ರೆಗೆ ಬಿಡು ಅಂತ ಅಂಗಲಾಚುತ್ತಿದ್ದಾಳೆ, ಈ ಮಹಾನುಭಾವ ಜಿಂಕೆ ಓಡಿಸುತ್ತಿದ್ದಾನೆ! ನಲವತ್ತು ದಿನ ಅಂತೆ, ನಾಲ್ಕು ದಿನ ತಡೆಯುವ ಕಾಲಾಗಿರಲಿಲ್ಲ ಅದು. ಅತ್ತೆ ಬೆಪ್ಪಾಗಿ ಕೂತಿದ್ದಳು. ಕರ್ತ ತನಗೇ ಉತ್ತರ ಕೊಟ್ಟನೋ ಬೇರೆ ಯಾರಿಗೋ ಕೊಟ್ಟನೋ ಎಂಬಂತೆ ಅತ್ತಿತ್ತ ನೋಡುತ್ತಿದ್ದಳು. ಪಾಸ್ಟರು ಅಲ್ಲಿಯ ಪದ್ಧತಿಯಂತೆ, 'ಬೇರೆ ಯಾರಿಗಾದರೂ ಅರ್ಥ ಬಂದಿದೆಯಾ?' ಅಂತ ಕೇಳಿದರು. ಸುಮ್ಮನೆ ಕೇಳುವ ಮಾತು ಅದು, ಯಾರೂ ಉತ್ತರಿಸುವುದಿಲ್ಲ.

'ನನಗೆ ಬಂದಿದೆ' ಅಂತ ಎದ್ದು ನಿಂತೆ.

ಹಣೆಯಲ್ಲಿ ಸ್ಟಿಕ್ಕರು, ಮುಡಿಯಲ್ಲಿ ಕನಕಾಂಬರ, ಕೈತುಂಬ ಬಳೆ. ಆತ್ಮ ಇಳಿಯಲು ಇಂಥ ಜಾಗ ಅವರು ಕಂಡಿರಲಿಕ್ಕಿಲ್ಲ. ತಮಿಳಿನಲ್ಲಿ ನೆಟ್ಟಗೆ ಹೇಳಿದೆ: 'ಅಯ್ಯಾ, ಇದು ಸ್ವರ್ಗದ ಭಾಷೆ ಅಲ್ಲ, ನಮ್ಮ ಅಡುಗೆಮನೆ ಭಾಷೆ. ನನ್ನ ಅತ್ತೆಗೆ ಕಾಲು ನೋಯುತ್ತಿದೆಯಂತೆ. ಕೊಳೆತು ನಾರುತ್ತಿದೆಯಂತೆ. ಅವಳಿಗೆ ಭಯವಾಗಿದೆಯಂತೆ. ಆಸ್ಪತ್ರೆಗೆ ಹೋಗಲು ಬಿಡು, ಹೋದರೆ ಇವರು ಪಂದಿಯಿಂದ ಎಬ್ಬಿಸದ ಹಾಗೆ ನೋಡಿಕೋ ಅಂತ ಕರ್ತನನ್ನು ಬೇಡಿಕೊಳ್ಳುತ್ತಿದ್ದಾಳೆ. ಇಷ್ಟೇ ಅವಳು ಹೇಳಿದ್ದು.'

ಇಷ್ಟೇ ಅಂದೆ. ಆ ಮಾತು ಬಾಯಿಂದ ಬಿದ್ದದ್ದು ನನಗೇ ಕೇಳಿಸಿತು. ಅತ್ತೆ ತಲೆಯೆತ್ತಿ ನನ್ನನ್ನು ನೋಡಿದಳು, ಮತ್ತೆ ತಲೆ ತಗ್ಗಿಸಿದಳು.

ಪಾಸ್ಟರ ಕಿವಿ ಕೆಂಪಾಯಿತು. ಈಗ ಏನು ಮಾಡುತ್ತೀಯಪ್ಪಾ ಅಂತ ನಾನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ. ಆ ಮನುಷ್ಯ ಕಣ್ಣು ಮುಚ್ಚಿದರು, ತೆರೆದರು, ಆಮೇಲೆ ಗಂಭೀರವಾಗಿ, 'ಕರ್ತ ಯಾರ ಬಾಯಿಂದ ಬೇಕಾದರೂ ಮಾತಾಡುತ್ತಾನೆ. ಬೈಬಲಿನಲ್ಲಿ ಒಮ್ಮೆ ಕತ್ತೆಯ ಬಾಯಿಂದಲೂ ಮಾತಾಡಿದ್ದಾನೆ. ಸಹೋದರಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅವಳ ಜಾಗ ಅವಳಿಗೇ ಇರುತ್ತದೆ' ಅಂದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ನನ್ನನ್ನು ಕತ್ತೆ ಮಾಡಿದ್ದಕ್ಕೂ ಎಲ್ಲರೂ ಸ್ತೋತ್ರ ಅಂದರು. ಹಾಳಾಗಲಿ, ಅತ್ತೆಯ ಕಾಲು ಗಾಡಿ ಹತ್ತಿತು. ಸಭೆಯ ಗಂಡಸರೇ ಎತ್ತಿ ವ್ಯಾನಿನಲ್ಲಿ ಮಲಗಿಸಿದರು, ಬಾಳೆಎಲೆಯ ಹೆಂಗಸು ತನ್ನ ಸೆರಗಿನಿಂದ ಅವಳ ಪಾದ ಮುಚ್ಚಿದಳು. ಅಪ್ಪ ನೇರವಾಗಿ ತೇನಿಗೆ ಬಂದು, ಆಸ್ಪತ್ರೆಯ ಗೇಟಿನಲ್ಲಿ ನಿಂತು, ತಾವೇ ಹೇಳಿ ಒಪ್ಪಿಸಿದವರ ಹಾಗೆ ನಾಲ್ಕು ಜನಕ್ಕೆ ವಿವರಿಸುತ್ತಿದ್ದರು.

ತೇನಿಯಲ್ಲಿ ನೋಡಿ, ತಡಮಾಡಬೇಡಿ, ದೊಡ್ಡ ಕಡೆ ಹೋಗಿ ಅಂದರು. ದಿಂಡಿಗಲ್ ಕಡೆ ಕನ್ಯಾಸ್ತ್ರೀಯರು ನಡೆಸುವ ಒಂದು ಆಸ್ಪತ್ರೆಗೆ ಸೇರಿಸಿದೆವು. ಎರಡು ಬೆರಳು ತೆಗೆದರು, ಕಾಲು ಉಳಿಯಿತು. ಪ್ರತಿ ಮಂಚದ ತಲೆಯ ಹತ್ತಿರ ಶಿಲುಬೆ. ಸೂಜಿ ಚುಚ್ಚುವ ಮೊದಲು ಸಿಸ್ಟರು ಹಣೆ, ಎದೆ, ಭುಜ ಮುಟ್ಟಿಕೊಂಡು ಪ್ರಾರ್ಥಿಸುತ್ತಿದ್ದರು. ಒಂದು ಮನೆಯ ಕರ್ತನಿಗೆ ಔಷಧ ಪಾಪ, ಇನ್ನೊಂದು ಮನೆಯ ಕರ್ತ ಔಷಧದ ಅಂಗಡಿಯನ್ನೇ ಇಟ್ಟಿದ್ದಾನೆ, ಏನು ಹೇಳ್ತೀಯ ಅಂತ ಅತ್ತೆಯನ್ನು ಕೆಣಕಿದೆ.

'ಇವ್ರು ಚಿಮುಕಿಸ್ಕಂಡೋರು. ಪೂರ್ತಿ ಮುಳುಗಿಲ್ಲ' ಅಂದಳು ಅತ್ತೆ. ಬೆರಳು ಹೋಗಿ ಮೂರು ದಿನವಾಗಿರಲಿಲ್ಲ, ಸೂಜಿ ಇನ್ನೂ ಕೈಯಲ್ಲೇ ಇತ್ತು, ತಾತ್ಸಾರಕ್ಕೆ ಮಾತ್ರ ಕಮ್ಮಿಯಿಲ್ಲ. ನಮ್ಮ ಮನೆತನದ ಜಂಬ ಎಲ್ಲಿ ಹೋಗುತ್ತದೆ! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ಅವಳೂ ನಕ್ಕಳು.

ನಗು ಮುಗಿದ ಮೇಲೆ ಅವಳು ಶಿಲುಬೆಯ ಕಡೆ ನೋಡುತ್ತ ಹೇಳಿದಳು:

'ಅಯ್ಯಾ ಇಲ್ಲದ್ದು ಸೇರಿಸಿ ಏಳಿದ್ರು. ನೀ ಇದ್ದದ್ದು ಬಿಟ್ಟು ಏಳಿದೆ. ಇಬ್ರಲ್ಲಿ ಯಾರು ವಾಸಿ ಕಣ್ಣೂ? ನೀನೇ ಏಳು, ಓದಿದೋಳು.'

ನಾನು ಫ್ಲಾಸ್ಕು ತೊಳೆದುಕೊಂಡು ಬರುತ್ತೇನೆ ಅಂತ ಎದ್ದು ಹೋದೆ. ನಲ್ಲಿಯಲ್ಲಿ ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆದೆ. ಅವತ್ತು ನನ್ನನ್ನು ನೋಡಲು ಬಂದವರ ಮುಂದೆ ಅವಳು ಬರಬಾರದು ಅಂತ ಅಪ್ಪ ಹೇಳಿರಲಿಲ್ಲ, ಅವ್ವ ಹೇಳಿರಲಿಲ್ಲ. ಅವಳು ತಾನಾಗಿ ಹೋಗುವವಳೇ ಇದ್ದಳು. ನಾನೇ ಹೋಗಿ ಹೇಳಿದ್ದೆ. ಗಂಡು ಕೈತಪ್ಪಿದರೆ ಎಂಬ ಭಯ ಇತ್ತು, ಬೇರೇನೂ ಇರಲಿಲ್ಲ.

ಅದೇ ಗಂಡು ಒಪ್ಪಿತು. ಕೊಳ್ಳೇಗಾಲದಲ್ಲಿ ಬಾಳೆಮಂಡಿ ಇಟ್ಟಿದ್ದ ನಮ್ಮವರೇ. ಲಗ್ನಪತ್ರಿಕೆ ಬಂದ ದಿನ ಮೊದಲ ಪತ್ರಿಕೆಯನ್ನು ಹಿಡಿದು ಹಿತ್ತಿಲ ಕೋಣೆಗೆ ಹೋದೆ. ಅತ್ತೆ ಕೋಲು ಪಕ್ಕಕ್ಕಿಟ್ಟು ಹುಣಸೆಹಣ್ಣು ಬಿಡಿಸುತ್ತಿದ್ದಳು.

'ನೀ ಮುಂದೆ ಕೂರಬೇಕು ಅತ್ತೆ. ನನ್ನ ಪಕ್ಕದಲ್ಲೇ. ಯಾರೇನಂದರೂ ನಾ ನೋಡ್ಕೊಳ್ತೀನಿ' ಅಂದೆ. ಈ ಮಾತನ್ನು ನಾಲ್ಕು ದಿನ ಅಭ್ಯಾಸ ಮಾಡಿದ್ದೆ.

ಅವಳು ಬೀಜ ತೆಗೆದು ಮೊರಕ್ಕೆ ಹಾಕಿದಳು. 'ನಮ್ ಸಬೇಲಿ ಬುಡಾಕಿಲ್ಲ ಕಣ್ಣೂ. ತಾಳಿ ಕಟ್ಟೋ ಕಡೆ ಓಗಬಾರ್ದು ಅಂತ ಕಟ್ಟು ಐತೆ' ಅಂದಳು.

ಮನೆಯಲ್ಲಿ ಈ ಸುದ್ದಿ ಕೇಳಿ ಎಲ್ಲರಿಗೂ ಹಾಯೆನಿಸಿತು. ಅಪ್ಪ, 'ಅವ್ರ ಮತದ ಕಟ್ಟು. ನಾವೇನು ಮಾಡಾಕಾಯ್ತದೆ' ಅಂದರು, ಮೊದಲ ಸಲ ಆ ಮತದ ಬಗ್ಗೆ ಮರ್ಯಾದೆಯಿಂದ. ನನಗೂ ಹಾಯೆನಿಸಿತು, ಸುಳ್ಳು ಯಾಕೆ ಹೇಳಲಿ. ಕರೆದ ಪುಣ್ಯವೂ ಬಂತು, ಅವಳು ಬಂದು ನಿಲ್ಲುವ ಕಷ್ಟವೂ ತಪ್ಪಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮಂಟಪದಲ್ಲಿ ಕೂತು ಆ ಸಭೆಯನ್ನು, ಅದರ ಕಟ್ಟುಗಳನ್ನು ಮನಸ್ಸಿನಲ್ಲೇ ಬೈದುಕೊಂಡೆ. ಎತ್ತಿ ಬೆಳೆಸಿದವಳನ್ನು ಮದುವೆಗೆ ಬಿಡದ ದೇವರು ಎಂಥ ದೇವರು ಅಂತ ಪಕ್ಕದಲ್ಲಿದ್ದ ಗೆಳತಿಗೂ ಹೇಳಿದೆ.

ತಲೆದೀಪಾವಳಿಗೆ, ಅಂದರೆ ಮದುವೆಯಾದ ಮೇಲಿನ ಮೊದಲ ದೀಪಾವಳಿಗೆ, ತವರಿಗೆ ಬಂದಾಗ ಭಾನುವಾರ ಅತ್ತೆಯನ್ನು ಕರೆತರಲು ಸಭೆಗೆ ಹೋದೆ. ಕೂಟ ಮುಗಿಯುತ್ತಿತ್ತು. ಪಾಸ್ಟರು ಬಾಗಿಲಲ್ಲಿ ನನ್ನನ್ನು ಗುರುತು ಹಿಡಿದು ನಕ್ಕರು, ಗಂಡನ ಊರು, ಮಳೆ ಬೆಳೆ ಎಲ್ಲ ವಿಚಾರಿಸಿದರು. ನನಗೆ ತಡೆಯಲಾಗಲಿಲ್ಲ. ಮದುವೆಗೆ ಒಂದು ಗಳಿಗೆ ಅವಳನ್ನು ಕಳಿಸಿದ್ದರೆ ನಿಮ್ಮ ಕರ್ತನ ಗಂಟೇನು ಹೋಗುತ್ತಿತ್ತು ಅಂತ ಕೇಳಿಯೇಬಿಟ್ಟೆ.

ಆ ಮನುಷ್ಯ ನಿಜವಾಗಿ ಗಲಿಬಿಲಿಗೊಂಡರು. 'ನಾನೇ ಹೋಗಿ ಬಾ ಅಂದೆನಲ್ಲಮ್ಮಾ. ಪೂಜೆಯ ಪ್ರಸಾದ ತಿನ್ನಬೇಡ, ಹೋಗಿ ಮಗುವನ್ನು ಹರಸಿ ಬಾ ಅಂತ ಎರಡು ಸಲ ಹೇಳಿದೆ. ಕಾಲು ನೋವು, ಕೂರಲಾಗುವುದಿಲ್ಲ ಅಂದಳು' ಅಂದರು.

ಒಳಗೆ ಮೊದಲ ಭಾನುವಾರದ ರೊಟ್ಟಿಯ ತಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು. ಅತ್ತೆ ನೆಲದ ಮೇಲೆ ಕಾಲು ಮಡಚಿ, ಆ ಖಾಲಿ ಹಣೆಗಳ ಸಾಲಿನ ನಡುವೆ ಆರಾಮವಾಗಿ ಕೂತಿದ್ದಳು. ನಾನು ಬಾಗಿಲಲ್ಲೇ ನಿಂತು ಗೋಡೆಯ ಕಡೆ ತಿರುಗಿದೆ. ಮೊದಲ ಸಲ ಒಂಬತ್ತಕ್ಕೇ ನಿಲ್ಲಿಸಿದ್ದೆನಲ್ಲ, ಈ ಸಲ ಹನ್ನೊಂದನ್ನೂ ಮೇಲಿನಿಂದ ಕೆಳಗೆ ಓದಿದೆ. ಇನ್ನೊಂದು ಸಲ, ಬೆರಳಿಟ್ಟು ಓದಿದೆ. ನನ್ನ ಮದುವೆಗೆ ಬರಬಾರದು ಅಂತ ಯಾವ ಸಾಲಿನಲ್ಲೂ ಇರಲಿಲ್ಲ.